ಮೊದಲು ಬಾಯಿ ನೋಡಿ, ಆಮೇಲೆ ಮದ್ದು: ಹಿತ್ತಲಿನ ಕೀಟಗಳ ಬಗ್ಗೆ ಟಿಪ್ಪಣಿ

ಕೀಟಗಳ ಪಾಠ ಬಂದಾಗ ನಾನು ಮೊದಲು ಹೆಸರುಗಳನ್ನೇ ಬಾಯಿಪಾಠ ಮಾಡಿದೆ. ಹಿತ್ತಲಿಗೆ ಹೋಗಿ ಮುದುಡಿದ ಮೆಣಸಿನ ಗಿಡದ ಮುಂದೆ ನಿಂತಾಗ ಒಂದು ಹೆಸರೂ ಕೈಹಿಡಿಯಲಿಲ್ಲ. ಹೆಸರಿಗಿಂತ ಮೊದಲು ಬಾಯಿ ನೋಡಬೇಕು ಅನ್ನೋದು ಹೊಳೆದದ್ದು ಆಮೇಲೆ. ಈ ಟಿಪ್ಪಣಿಯನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಅಗಿಯುವ ಬಾಯಿ, ಹೀರುವ ಬಾಯಿ

ಮಿಡತೆ, ಜೀರುಂಡೆ, ಪತಂಗದ ಮರಿಹುಳು ಇವೆಲ್ಲ ಅಗಿಯುತ್ತವೆ. ಎಲೆಯಲ್ಲಿ ತೂತು, ಅಂಚಿನಲ್ಲಿ ಕಚ್ಚಿದ ಗುರುತು, ಕೆಳಗೆ ಕಪ್ಪು ಹಿಕ್ಕೆ ಕಂಡರೆ ಇವುಗಳದ್ದೇ ಕೆಲಸ. ಹೇನು (ತಲೆಯದ್ದಲ್ಲ, ಗಿಡದ ಹೇನು, ಏಫಿಡ್), ಬಿಳಿ ನೊಣ, ಹಿಟ್ಟು ತಿಗಣೆ ಹೀರುತ್ತವೆ. ಇವು ಬಂದಾಗ ಎಲೆ ಇಡಿಯಾಗೇ ಇರುತ್ತದೆ, ಆದರೆ ಮುದುಡುತ್ತದೆ, ಹಳದಿಯಾಗುತ್ತದೆ, ಮುಟ್ಟಿದರೆ ಅಂಟುತ್ತದೆ. ಮೈಟ್ ನುಸಿಯೂ ರಸ ಹೀರುತ್ತದೆ. ಅದಕ್ಕೆ ಎಂಟು ಕಾಲು, ಹಾಗಾಗಿ ಅದು ಕೀಟವೇ ಅಲ್ಲ, ಜೇಡದ ಬಳಗದ್ದು. ಪರೀಕ್ಷೆಯಲ್ಲಿ ಇಲ್ಲಿ ಎಡವುವವರು ಜಾಸ್ತಿ.

ಇಷ್ಟೆಲ್ಲ ಯಾಕೆ ಬೇಕು ಅಂದರೆ, ಬಾಯಿ ಬೇರೆಯಾದರೆ ಮದ್ದೂ ಬೇರೆ. ಬಿಟಿ ಎಂಬ ಬ್ಯಾಕ್ಟೀರಿಯಾವನ್ನೇ ನೋಡಿ. ಇದು 1901ರಲ್ಲಿ ಜಪಾನಿನಲ್ಲಿ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ ಸಿಕ್ಕಿತು. ಮುಂದೆ 1911ರಲ್ಲಿ ಜರ್ಮನಿಯ ಥುರಿಂಗಿಯಾ ಪ್ರದೇಶದಲ್ಲಿ ಮತ್ತೆ ಸಿಕ್ಕಿ, ಆ ಊರ ಕಡೆಯ ಹೆಸರನ್ನೇ ಪಡೆಯಿತು: ಬ್ಯಾಸಿಲಸ್ ಥುರಿಂಜಿಯೆನ್ಸಿಸ್. ಇದನ್ನು ಸಿಂಪಡಿಸಿದ ಎಲೆಯನ್ನು ಮರಿಹುಳು ತಿಂದರೆ ಅದರ ಕರುಳಿನ ಗೋಡೆ ತೂತಾಗುತ್ತದೆ. ಹುಳು ಬೇಗನೆ ತಿನ್ನುವುದನ್ನು ನಿಲ್ಲಿಸಿ, ಕೆಲವು ದಿನದಲ್ಲಿ ಸಾಯುತ್ತದೆ. ಅದೇ ಬಿಟಿಯನ್ನು ಹೇನಿನ ಮೇಲೆ ಎರಚಿದರೆ? ಏನೂ ಆಗುವುದಿಲ್ಲ. ಹೇನು ಎಲೆಯ ಮೇಲ್ಭಾಗವನ್ನು ತಿನ್ನುವುದೇ ಇಲ್ಲ, ಸೂಜಿಯಂಥ ಬಾಯಿಯನ್ನು ಒಳಗೆ ಇಳಿಸಿ ರಸ ಕುಡಿಯುತ್ತದೆ.

ಹೇನಿಗೆ ಸಾಬೂನು ನೀರು ಸಾಕು. ಒಂದು ಲೀಟರ್ ನೀರಿಗೆ ಸುಮಾರು 5 ಮಿಲಿ ಮೃದುವಾದ ದ್ರವ ಸಾಬೂನು. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಡುತ್ತದೆ. ಸಾಬೂನು ಮೈಗೆ ತಾಗಿದ ಹುಳುವನ್ನು ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಅದರ ಆಟ ಮುಗಿಯಿತು. ಹಾಗಾಗಿ ಎಲೆಯ ಅಡಿಭಾಗ ತೋಯಬೇಕು. ಎಲೆಯ ಮೇಲಷ್ಟೇ ಚಿಮುಕಿಸಿ ಬಂದರೆ ಸುಮ್ನೆ ಶ್ರಮ. ಮೊದಲು ಎರಡು ಮೂರು ಎಲೆಗೆ ಹಾಕಿ ಒಂದು ದಿನ ಕಾಯಿರಿ, ಸುಡದಿದ್ದರೆ ಉಳಿದ ಗಿಡಕ್ಕೆ. ಉರಿಬಿಸಿಲಲ್ಲಂತೂ ಹಾಕಬೇಡಿ.

ಈ ಎರಡೂ ಮದ್ದು ಮುಟ್ಟದ ಇನ್ನೊಂದು ಗುಂಪಿದೆ: ಕೊರೆಯುವ ಹುಳು. ಬದನೆಯ ಚಿಗುರು ಮಾತ್ರ ಬಾಗಿ ಬಾಡಿದೆ, ಉಳಿದ ಗಿಡ ಚೆನ್ನಾಗಿದೆ ಅಂದರೆ ಹುಳು ಒಳಗೆ ಕೂತಿದೆ. ಹುಳು ಇರುವ ಜಾಗ ಸೇರುವಂತೆ ಚಿಗುರನ್ನು ಕೆಳಗಿನಿಂದ ಕತ್ತರಿಸಿ ನಾಶ ಮಾಡಿ. ಕತ್ತರಿಸಿದ್ದನ್ನು ಗಿಡದ ಬುಡದಲ್ಲೇ ಬಿಸಾಡಿದರೆ ಹುಳು ಹೊರಬಂದು ಮಣ್ಣಲ್ಲಿ ಕೋಶ ಕಟ್ಟುತ್ತದೆ. ಕತ್ತರಿಸಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಹೇನು, ಇರುವೆ, ಗುಲಗಂಜಿ ಹುಳು

ಇಲ್ಲಿ ಸ್ವಲ್ಪ ನಿಲ್ಲೋಣ, ನನಗೆ ತುಂಬ ಇಷ್ಟವಾದ ಭಾಗ ಇದು.

ಹೇನು ಮೊನ್ನೆ ನಾಲ್ಕಿತ್ತು, ಇವತ್ತು ಚಿಗುರು ತುಂಬ ಇದೆ ಅನ್ನುತ್ತೇವಲ್ಲ, ಅದಕ್ಕೆ ಕಾರಣ ಇದೆ. ಬೆಚ್ಚಗಿನ ಕಾಲದಲ್ಲಿ ಹೆಣ್ಣು ಹೇನಿಗೆ ಗಂಡು ಬೇಡ, ಮೊಟ್ಟೆಯೂ ಬೇಡ. ನೇರವಾಗಿ ಮರಿ ಹಾಕುತ್ತದೆ. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಆಗಲೇ ಮುಂದಿನ ಮರಿ ಬೆಳೆಯುತ್ತಿರುತ್ತದೆ. ಅಜ್ಜಿಯೊಳಗೆ ಅಮ್ಮ, ಅಮ್ಮನೊಳಗೆ ಮಗಳು!

ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಹೇನಿಗೆ ಬೇಕಾದ ಸಾರಜನಕ ಕಡಿಮೆ. ಅದಕ್ಕೇ ಹೇನು ಸಿಕ್ಕಾಪಟ್ಟೆ ಕುಡಿದು, ಉಳಿದ ಸಿಹಿಯನ್ನು ಹೊರಗೆ ಬಿಡುತ್ತದೆ. ಎಲೆ ಅಂಟುವುದು ಇದರಿಂದಲೇ. ಆ ಸಿಹಿಗೆ ಇರುವೆ ಬರುತ್ತದೆ. ಸುಮ್ಮನೆ ನೆಕ್ಕಿ ಹೋಗುವುದಿಲ್ಲ, ಕಾವಲೂ ಕಾಯುತ್ತದೆ. ಹೇನು ತಿನ್ನಲು ಬಂದ ಗುಲಗಂಜಿ ಹುಳುವನ್ನು (ಲೇಡಿಬರ್ಡ್ ಜೀರುಂಡೆ) ಓಡಿಸುತ್ತದೆ. ಹಾಗಾಗಿ ಕಾಂಡದ ಮೇಲೆ ಇರುವೆ ಸಾಲು ಕಂಡರೆ, ಮೊದಲು ಇರುವೆಯ ದಾರಿ ಕಡಿಯಿರಿ. ಬೇರೆಡೆ ತಾಗಿದ ಕೊಂಬೆ ಕತ್ತರಿಸಿ, ಬುಡದ ಕಾಂಡಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಅದರ ಮೇಲೆ ಅಂಟು ಸವರಿ. ಕಾವಲು ಹೋದ ಮೇಲೆ ಗುಲಗಂಜಿ ಹುಳು ತನ್ನ ಪಾಡಿಗೆ ತಾನು ಕೆಲಸ ಮುಗಿಸುತ್ತದೆ.

ಒಂದು ತಪ್ಪೊಪ್ಪಿಗೆ. ಗುಲಗಂಜಿ ಹುಳುವಿನ ಮರಿ ಅದರ ಅಮ್ಮನ ಥರ ಮುದ್ದಾಗಿರುವುದಿಲ್ಲ. ಕಪ್ಪಗೆ, ಉದ್ದಕ್ಕೆ, ಪುಟ್ಟ ಮೊಸಳೆಯ ಹಾಗೆ ಇರುತ್ತದೆ. ಇದೇ ಪೀಡೆ ಅಂದುಕೊಂಡು ಎಷ್ಟನ್ನು ಹೊಸಕಿ ಹಾಕಿದ್ದೇನೋ. ಹೇನಿನ ಮಧ್ಯೆ ಊದಿದ, ಕಂದು ಬಣ್ಣದ, ಅಲುಗದ ಹೇನು ಕಂಡರೂ ಮುಟ್ಟಬೇಡಿ. ಅದರೊಳಗೆ ಪುಟ್ಟ ಕಣಜದ ಮರಿ ಬೆಳೆಯುತ್ತಿದೆ. ಬೆನ್ನಲ್ಲಿ ದುಂಡಗಿನ ತೂತಿದ್ದರೆ ಕಣಜ ಆಗಲೇ ಹೊರಗೆ ಹೋಗಿ ಮುಂದಿನ ಹೇನನ್ನು ಹುಡುಕುತ್ತಿದೆ.

ಹೀಗೆ ಹುಳುವೇ ಪೀಡೆಯನ್ನು ಹತೋಟಿಗೆ ತರುವುದಕ್ಕೆ ದೊಡ್ಡ ಉದಾಹರಣೆ ಕ್ಯಾಲಿಫೋರ್ನಿಯಾದ್ದು. ಅಲ್ಲಿನ ಕಿತ್ತಳೆ, ನಿಂಬೆ ತೋಟಗಳನ್ನು ಹತ್ತಿಯಂಥ ಬಿಳಿ ಶಲ್ಕ ಕೀಟ (ರಸ ಹೀರುವ ಸ್ಕೇಲ್ ಕೀಟ) ಹಾಳು ಮಾಡುತ್ತಿತ್ತು. 1888–89ರಲ್ಲಿ ಆಸ್ಟ್ರೇಲಿಯಾದಿಂದ ವೆಡಾಲಿಯಾ ಎಂಬ ಗುಲಗಂಜಿ ಹುಳುವನ್ನು ತಂದು ಬಿಟ್ಟರು. ಒಂದೆರಡು ವರ್ಷದಲ್ಲಿ ಪೀಡೆ ಹತೋಟಿಗೆ ಬಂತು. ಮುಂದೆ 1940ರ ದಶಕದಲ್ಲಿ ಡಿಡಿಟಿ ಎಂಬ ರಾಸಾಯನಿಕ ಕೀಟನಾಶಕ ಬಂದಾಗ ಸಿಂಪಡಿಸಿದ ತೋಟಗಳಲ್ಲಿ ವೆಡಾಲಿಯಾ ಸತ್ತಿತು, ಅಡಗಿದ್ದ ಶಲ್ಕ ಕೀಟ ಮತ್ತೆ ಎದ್ದಿತು. ಪೀಡೆಯ ಮರುಕಳಿಕೆ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬೇವಿನೆಣ್ಣೆ, ಮತ್ತು ವಿಷ

ಬೇವು ತಟ್ಟನೆ ಕೊಲ್ಲುವುದಿಲ್ಲ. ಅದರಲ್ಲಿರುವ ಅಜಾಡಿರಾಕ್ಟಿನ್ ಹುಳುವಿಗೆ ತಿನ್ನುವ ಮನಸ್ಸೇ ಇಲ್ಲದಂತೆ ಮಾಡುತ್ತದೆ, ಪೊರೆ ಬಿಡುವುದನ್ನು ಕೆಡಿಸುತ್ತದೆ. ಮಾರನೇ ದಿನ ಹುಳು ಜೀವಂತ ಇದೆ ಅಂತ ಗಾಬರಿಯಾಗಬೇಡಿ. ಬಿಸಿಲಿಗೆ ಇದು ಬೇಗ ಕೆಡುತ್ತದೆ, ಅದಕ್ಕೇ ಸಂಜೆ ಸಿಂಪಡಿಸುವುದು. ರಾಸಾಯನಿಕ ವಿಷ ಕೊನೆಯ ದಾರಿ. ಹಾಕಲೇಬೇಕಾದರೆ ಲೇಬಲ್ ಓದಿ ಅಷ್ಟೇ ಅಳತೆ. ಹೂ ಬಿಟ್ಟು ಜೇನುನೊಣ ಓಡಾಡುವ ಗಿಡಕ್ಕೆ ಬೇಡ.

ಮನೆಯ ಸುತ್ತ

ಸೊಳ್ಳೆಯ ವಿಷಯದಲ್ಲಿ ಬಾಯಿಗಿಂತ ಹುಟ್ಟುವ ಜಾಗ ಮುಖ್ಯ. ಬೆಚ್ಚಗಿದ್ದರೆ ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ. ವಾರಕ್ಕೊಮ್ಮೆ ಪಾತ್ರೆಗಳಲ್ಲಿ ನಿಂತ ನೀರು ಚೆಲ್ಲಿ ಅನ್ನುವುದಕ್ಕೆ ಇದೇ ಲೆಕ್ಕ. ಚೆಲ್ಲಿದರಷ್ಟೇ ಸಾಲದು, ಉಜ್ಜಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಗೆದ್ದಲಿಗೆ ತೇವ ಬೇಕು. ಅದಕ್ಕೇ ಗೋಡೆಯ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಓಡಾಡುತ್ತದೆ. ಸುರಂಗ ಒಡೆದರೆ ಮತ್ತೆ ಕಟ್ಟುತ್ತದೆ. ಒಡೆಯುವ ಮೊದಲು ಅದು ಎಲ್ಲಿಂದ ಬಂದಿದೆ ನೋಡಿ: ಸೋರುವ ಕೊಳಾಯಿಯೋ, ಮಣ್ಣಿಗೆ ತಾಗಿದ ಮರದ ಚೌಕಟ್ಟೋ, ಗೋಡೆಗೆ ಒರಗಿಸಿದ ಸೌದೆಯೋ. ಮಳೆ ಬಂದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಹುಳು ಗೆದ್ದಲೋ ಇರುವೆಯೋ ಎಂದು ತಿಳಿಯಲು ಸೊಂಟ ನೋಡಿ. ಇರುವೆಗೆ ಸಣ್ಣ ಸೊಂಟ, ಬಾಗಿದ ಮೀಸೆ. ಗೆದ್ದಲಿಗೆ ಸೊಂಟವೇ ಇಲ್ಲದಂಥ ಮೈ, ನೆಟ್ಟಗಿನ ಮೀಸೆ, ನಾಲ್ಕು ರೆಕ್ಕೆಯೂ ಒಂದೇ ಅಳತೆ.

ಅಭ್ಯಾಸಕ್ಕೆ ಒಂದು ಪ್ರಶ್ನೆ

ನಿಂಬೆ ಗಿಡದ ಎಲೆಗಳ ಮೇಲೆ ಮಸಿ ಬಳಿದಂತೆ ಕಪ್ಪು. ಉಜ್ಜಿದರೆ ಬೆರಳಿಗೆ ಬರುತ್ತದೆ, ಕೆಳಗೆ ಎಲೆ ಹಸಿರಾಗೇ ಇದೆ. ಕಾಂಡದಲ್ಲಿ ಇರುವೆ ಓಡಾಡುತ್ತಿದೆ. ಬೂಷ್ಟಿಗೆ ಮದ್ದು ಹೊಡೆಯಬೇಕೇ?

ಬೇಡ. ಆ ಬೂಷ್ಟು ಬೆಳೆದಿರುವುದು ಸಿಹಿ ಅಂಟಿನ ಮೇಲೆ, ಎಲೆಯೊಳಗೆ ಅಲ್ಲ. ಆ ಎಲೆಗಳಿಗಿಂತ ಸ್ವಲ್ಪ ಮೇಲಿರುವ ಎಲೆಗಳನ್ನು ತಿರುಗಿಸಿ ನೋಡಿ, ಹೀರುವ ಬಾಯಿ ಅಲ್ಲೇ ಕೂತಿರುತ್ತದೆ.