ಮರವಿಲ್ಲದ ನೆಲವೆಲ್ಲ ಪಾಳುಭೂಮಿಯಲ್ಲ

ಮುಂಗಾರು ಹತ್ತಿರವಾದಂತೆ ಪರಿಸರ ವಿಜ್ಞಾನದ ಕ್ಷೇತ್ರಕಾರ್ಯದಲ್ಲಿರುವ ನನ್ನಂಥವರನ್ನು ಗ್ರಾಮ ಪಂಚಾಯಿತಿಗಳೂ ಶಾಲೆಗಳೂ ಕಂಪನಿಗಳೂ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ‘ನಮ್ಮಲ್ಲಿ ಇಷ್ಟು ಎಕರೆ ಖಾಲಿ ಜಾಗವಿದೆ, ಯಾವ ಸಸಿ ನೆಟ್ಟರೆ ಒಳ್ಳೆಯದು?’ ಕೇಳುವವರ ಕಾಳಜಿಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಜಾಗ ನಿಜವಾಗಿಯೂ ಖಾಲಿಯೇ ಎಂಬುದನ್ನು ನೋಡುವ ಮೊದಲು ಯಾವ ಸಸಿಯ ಹೆಸರನ್ನೂ ನಾನು ಹೇಳುವುದಿಲ್ಲ. ಒಂದು ಪರಿಸರ ವ್ಯವಸ್ಥೆಯನ್ನು ಉಳಿಸುವ ಕ್ರಮವೇ ಇನ್ನೊಂದನ್ನು ಕೊಲ್ಲಬಲ್ಲದು.

‘ಪರಿಸರ ವ್ಯವಸ್ಥೆ’ ಎಂಬ ಪರಿಕಲ್ಪನೆಯನ್ನು ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್‌ಲಿ 1935ರಲ್ಲಿ ಮುಂದಿಟ್ಟರು. ಒಂದೆಡೆಯ ಜೀವಿಗಳನ್ನೂ ಅಲ್ಲಿನ ಮಣ್ಣು, ನೀರು, ಗಾಳಿ, ಬಿಸಿಲುಗಳನ್ನೂ ಬೇರೆಬೇರೆಯಾಗಿ ನೋಡದೆ ಒಟ್ಟಾಗಿ ನೋಡಬೇಕೆಂಬುದು ಅದರ ಸಾರ. ಸೂರ್ಯನ ಶಕ್ತಿ ಸಸ್ಯಗಳ ಮೂಲಕ ಒಳಬಂದು, ಮೇಯುವ ಪ್ರಾಣಿಗಳಿಗೆ, ಅವುಗಳನ್ನು ತಿನ್ನುವ ಪ್ರಾಣಿಗಳಿಗೆ ಸಾಗುತ್ತದೆ. ಪ್ರತಿ ಹಂತದಲ್ಲಿಯೂ ಬಹುಪಾಲು ಶಾಖವಾಗಿ ಕಳೆದುಹೋಗಿ ಸುಮಾರು ಶೇ 10ರಷ್ಟು ಮಾತ್ರ ಮುಂದಿನ ಹಂತಕ್ಕೆ ದಾಟುತ್ತದೆ ಎಂಬುದು ಪಠ್ಯಪುಸ್ತಕಗಳ ಸರಾಸರಿ ಲೆಕ್ಕ. ಶಕ್ತಿ ಒಮ್ಮುಖವಾಗಿ ಹರಿದು ಮುಗಿಯುತ್ತದೆ. ಸಾರಜನಕ, ರಂಜಕದಂಥ ಪೋಷಕಾಂಶಗಳಾದರೋ ವಿಘಟಕ ಜೀವಿಗಳ ದೆಸೆಯಿಂದ ಮಣ್ಣಿಗೆ ಮರಳಿ ಮತ್ತೆ ಬಳಕೆಯಾಗುತ್ತವೆ. ಇಷ್ಟು ಎಲ್ಲ ಕಡೆಗೂ ಸಮಾನ. ಕಾಡು, ಹುಲ್ಲುಗಾವಲು, ಮರುಭೂಮಿ, ಸಿಹಿನೀರು, ಕಡಲು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿದರೂ ನೆಲದ ಮೇಲೆ ನಿಂತಾಗ ಅದು ಹೆಚ್ಚು ನೆರವಿಗೆ ಬಾರದು. ಇಲ್ಲಿ ಆಹಾರ ಎಲ್ಲಿ ತಯಾರಾಗುತ್ತದೆ, ಸತ್ತದ್ದನ್ನು ಮಣ್ಣಿಗೆ ಮರಳಿಸುವವರು ಯಾರು, ಮೇವು, ಬೆಂಕಿ, ನೆರೆ, ಬರ ಇವುಗಳಲ್ಲಿ ಯಾವುದರ ಆವರ್ತನೆ ಈ ವ್ಯವಸ್ಥೆಯನ್ನು ಹೀಗೆಯೇ ಉಳಿಸಿದೆ ಎಂಬ ಪ್ರಶ್ನೆಗಳೇ ನನಗೆ ದಾರಿ ತೋರಿಸಿವೆ.

ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು ಜಿಲ್ಲೆಗಳ ಬಯಲುಸೀಮೆಯಲ್ಲಿರುವ ಅಮೃತಮಹಲ್ ಕಾವಲುಗಳನ್ನೇ, ಎಂದರೆ ಹಿಂದೆ ಮೈಸೂರು ಅರಸರ ದನಗಳ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳನ್ನೇ ತೆಗೆದುಕೊಳ್ಳೋಣ. ಏಪ್ರಿಲ್ ತಿಂಗಳಲ್ಲಿ ನೋಡಿದವರಿಗೆ ಅದು ಒಣಗಿದ, ಕಂದುಬಣ್ಣದ, ಯಾವ ಪ್ರಯೋಜನಕ್ಕೂ ಬಾರದ ನೆಲವೆನಿಸುತ್ತದೆ. ದೇಶದ ಪಾಳುಭೂಮಿ ನಕ್ಷೆಗಳಲ್ಲಿಯೂ ಇಂಥ ಕುರುಚಲು ಹುಲ್ಲುನೆಲದ ದೊಡ್ಡ ಭಾಗ ಪಾಳು ಎಂದೇ ದಾಖಲಾಗಿದೆ. ವಾಸ್ತವದಲ್ಲಿ ಅಲ್ಲಿನ ಜೀವಂತ ಸಂಪತ್ತಿನ ಬಹುಪಾಲು ನೆಲದೊಳಗಿದೆ. ಇಲ್ಲಿನ ಹೆಚ್ಚಿನ ಹುಲ್ಲುಗಳು ‘ಸಿ-4’ ಎಂದು ಕರೆಯಲಾಗುವ ಬಗೆಯ ದ್ಯುತಿಸಂಶ್ಲೇಷಣೆಯನ್ನು ನಡೆಸುತ್ತವೆ. ಬಿಸಿಲು, ಸೆಕೆ ಹೆಚ್ಚಿದಾಗಲೂ ಕಡಿಮೆ ನೀರಿನಲ್ಲಿ ಇಂಗಾಲವನ್ನು ಹಿಡಿದಿಡುವ ಈ ವಿಧಾನಕ್ಕೆ ಬಯಲಿನ ಪೂರ್ಣ ಬೆಳಕು ಬೇಕು, ನೆರಳು ಆಗದು. ಹೀಗೆ ಹಿಡಿದ ಇಂಗಾಲದ ದೊಡ್ಡ ಪಾಲು ಬೇರುಗಳಿಗೆ ಇಳಿದು ಮಣ್ಣಿನಲ್ಲಿ ಉಳಿಯುತ್ತದೆ. ಹುಲ್ಲಿನ ಬೆಳವಣಿಗೆಯ ಮೊಗ್ಗು ತುದಿಯಲ್ಲಿರದೆ ಬುಡದಲ್ಲಿರುವುದರಿಂದ ದನ ಮೇದರೂ ಬೆಂಕಿ ಸವರಿದರೂ ಮೊದಲ ಮಳೆಗೆ ಅದು ಮತ್ತೆ ಚಿಗುರುತ್ತದೆ.

ಕಾವಲಿನಲ್ಲಿ ನಡೆದಾಡಿದವರ ಪಂಚೆ, ಸೀರೆಗಳಿಗೆ ಅಂಟಿಕೊಂಡು ಚುಚ್ಚುವ ಊಬಿನ ಹುಲ್ಲಿನ ಬೀಜವೊಂದನ್ನು ಅಂಗೈಯಲ್ಲಿಟ್ಟು ಎರಡು ಹನಿ ನೀರು ಹಾಕಿ ನೋಡಬೇಕು. ಅದರ ಉದ್ದನೆಯ ಊಬು ಒಣಗಿದಾಗ ಹುರಿಗೊಂಡಿರುತ್ತದೆ. ತೇವ ತಗುಲಿದೊಡನೆ ಹುರಿ ಬಿಚ್ಚಿಕೊಳ್ಳುತ್ತ ನಿಧಾನವಾಗಿ ತಿರುಗತೊಡಗುತ್ತದೆ. ರಾತ್ರಿಯ ಇಬ್ಬನಿಗೆ ಬಿಚ್ಚಿ, ಹಗಲಿನ ಬಿಸಿಲಿಗೆ ಮತ್ತೆ ಸುತ್ತಿಕೊಳ್ಳುವ ಈ ಚಲನೆಯಿಂದಲೇ ಮೊನಚಾದ ಬೀಜವು ಬೈರಿಗೆಯಂತೆ ಮಣ್ಣನ್ನು ಕೊರೆದು ಒಳಸೇರುತ್ತದೆ. ಗಟ್ಟಿ ನೆಲ, ಅನಿಶ್ಚಿತ ಮಳೆ, ಮೇಯುವ ಬಾಯಿಗಳು, ಆಗಾಗ ಬೀಳುವ ಬೆಂಕಿ ಇವೆಲ್ಲಕ್ಕೂ ಹೊಂದಿಕೊಂಡು ರೂಪುಗೊಂಡ ಸಸ್ಯ ಇದು. ಕಾಡು ಬೆಳೆಯಲಾರದೆ ಸೋತ ನೆಲದಲ್ಲಿ ಉಳಿದ ಅವಶೇಷವೆಂದು ಹುಲ್ಲುಗಾವಲನ್ನು ಭಾವಿಸುವವರು ಈ ಒಂದು ಬೀಜವನ್ನಾದರೂ ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ.

ವಿಘಟನೆಯ ಕೆಲಸವೂ ಇಲ್ಲಿ ಬೇರೆ ಬಗೆಯದು. ಮಲೆನಾಡಿನಲ್ಲಿ ತೇವದ ದರಗಿನೊಳಗೆ ಶಿಲೀಂಧ್ರಗಳು ಮಾಡುವ ಕೆಲಸದ ದೊಡ್ಡ ಪಾಲನ್ನು ಒಣನಾಡಿನಲ್ಲಿ ಗೆದ್ದಲೂ ಸಗಣಿ ಹುಳುವೂ ಹೊರುತ್ತವೆ. ಒಣಹುಲ್ಲು ದನದ, ಕುರಿಯ, ಕೃಷ್ಣಮೃಗದ ಹೊಟ್ಟೆಯೊಳಗೆ ಬೇಗ ಜೀರ್ಣವಾಗಿ ನೆಲಕ್ಕೆ ಬೀಳುತ್ತದೆ, ಹುಳುಗಳು ಅದನ್ನು ಮಣ್ಣಿನೊಳಗೆ ಹೂಳುತ್ತವೆ. ಆದ್ದರಿಂದ ಮೇಯುವ ಪ್ರಾಣಿಯನ್ನು ಸಂಪೂರ್ಣ ಹೊರಹಾಕಿದ ಹುಲ್ಲುಗಾವಲು ಕೂಡ ಕೆಲವೇ ವರ್ಷಗಳಲ್ಲಿ ಕುಂದುತ್ತದೆ. ಹಳೆಯ ಒಣಹುಲ್ಲು ಹೊಸ ಚಿಗುರಿಗೆ ಬೆಳಕು ತಾಗದಂತೆ ಮುಚ್ಚಿಬಿಡುತ್ತದೆ. ಎಡೆಬಿಡದೆ ಮೇಯಿಸಿದರೆ ಬೀಜ ಕಟ್ಟುವ ಮೊದಲೇ ತೆನೆ ಹೋಗಿ, ದನ ಮುಟ್ಟದ ಗಿಡಗಳೂ ಬಳ್ಳಾರಿ ಜಾಲಿ ಎಂಬ ಹೊರಗಿನಿಂದ ಬಂದ ಮುಳ್ಳುಗಿಡವೂ ಜಾಗ ಹಿಡಿಯುತ್ತವೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಅದರ ಆಡಳಿತದಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆಬೇರೆ ಕಾವಲುಗಳನ್ನು ಗೊತ್ತುಮಾಡಿ ದನಗಳನ್ನು ಸಾಗಿಸುತ್ತಿದ್ದ ಏರ್ಪಾಡಿತ್ತು. ಒಂದು ಕಾವಲು ಮೇವು ಕೊಡುತ್ತಿರುವಾಗ ಇನ್ನೊಂದು ಬೀಜ ಉದುರಿಸಿಕೊಳ್ಳುತ್ತಿತ್ತು. ಹುಲ್ಲುಗಾವಲಿನ ನಿರ್ವಹಣೆಯಲ್ಲಿ ಇದಕ್ಕಿಂತ ಉತ್ತಮವಾದ ತತ್ವವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇಂಥ ನೆಲಕ್ಕೆ ಸಾಲುಸಾಲಾಗಿ ಮರ ನೆಟ್ಟಾಗ ಏನಾಗುತ್ತದೆ ಎಂಬುದಕ್ಕೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವೇ ಸಾಕ್ಷಿ. ಅದರ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ತೆರೆದ ಬಯಲಿನಲ್ಲಿ ದೂರದಿಂದಲೇ ತೋಳವನ್ನು ಕಂಡು ಓಟದಿಂದ ಪಾರಾಗುವ ಕೃಷ್ಣಮೃಗಕ್ಕೆ ಮರಗಳ ಸಾಲು ಕಣ್ಣಿಗೂ ಕಾಲಿಗೂ ಅಡ್ಡಿ. ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳಿಗೆ ಮರವೆಂದರೆ ಕಾಗೆ, ಗಿಡುಗಗಳು ಕುಳಿತು ಕಾಯುವ ತಾಣ. ಒಂದು ಕಾಲದಲ್ಲಿ ಅಲ್ಲಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಈಗ ಅಲ್ಲಿ ಕಾಣುವುದಿಲ್ಲ.

ಮರವಿಲ್ಲದ ಹುಲ್ಲು ಒಣನಾಡಿಗಷ್ಟೇ ಸೀಮಿತವೂ ಅಲ್ಲ. ಕುದುರೆಮುಖ, ಬಾಬಾಬುಡನ್‌ಗಿರಿಗಳ ನೆತ್ತಿಯಲ್ಲಿ ಧಾರಾಕಾರ ಮಳೆ ಸುರಿದರೂ ಗಾಳಿಯ ರಭಸ, ತೆಳುವಾದ ಮಣ್ಣುಗಳ ಕಾರಣದಿಂದ ಏಣುಗಳ ಮೇಲೆ ಹುಲ್ಲೂ ಕಣಿವೆಯ ಮಡಿಕೆಗಳಲ್ಲಿ ಶೋಲಾ ಎಂಬ ಕುಳ್ಳ ನಿತ್ಯಹಸಿರು ಕಾಡೂ ಜೊತೆಯಾಗಿ ಉಳಿದಿವೆ.

ಅಲ್ಲಿಂದ ಇಳಿದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋದರೆ ಕಾವಲಿನ ನಿಯಮಗಳೆಲ್ಲ ತಲೆಕೆಳಗಾಗುತ್ತವೆ. ಅಲ್ಲಿನ ರಾಮಪತ್ರೆ ಜಡ್ಡಿಗಳಲ್ಲಿ, ಎಂದರೆ ಜಾಯಿಕಾಯಿ ಕುಟುಂಬದ ಮರಗಳು ಬೆಳೆಯುವ ಜೌಗು ಕಾಡುಗಳಲ್ಲಿ, ಸದಾ ನೀರು ನಿಂತಿರುವ ಮಣ್ಣಿಗೆ ಗಾಳಿ ತಾಗದು. ಬೇರಿಗೆ ಬೇಕಾದ ಆಮ್ಲಜನಕವನ್ನು ಪಡೆಯಲು ಮರಗಳು ಮಂಡಿಯ ಆಕಾರದ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಎತ್ತಿರುತ್ತವೆ. ಬೀಜಗಳು ದೊಡ್ಡವು, ಒಣಗಿದರೆ ಸಾಯುವಂಥವು. ಬೀಜವನ್ನು ಸುತ್ತಿರುವ ಕೆಂಪು ಪತ್ರೆಯ ಆಸೆಗೆ ಬರುವ ಮಂಗಟ್ಟೆಗಳು ಅವನ್ನು ಹೊತ್ತೊಯ್ಯುತ್ತವೆ. 2000ದಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ ಮರವೊಂದಕ್ಕೆ ಈ ಕಾನಿನ ಹೆಸರನ್ನೇ ಇಡಲಾಗಿದೆ. ಇಲ್ಲಿನ ಎಳೆಸಸಿಗಳು ಬೆಂಕಿಯನ್ನಾಗಲಿ ಮೇವನ್ನಾಗಲಿ ತಾಳುವುದಿಲ್ಲ, ಮತ್ತು ಮೇಲಿನ ಹಳ್ಳವನ್ನು ತೋಟಕ್ಕೆ ತಿರುಗಿಸಿದರೆ ಒಂದು ಮರವನ್ನೂ ಕಡಿಯದೆಯೇ ಇಡೀ ಜಡ್ಡಿ ಒಣಗಬಹುದು. ಇಲ್ಲಿ ಕಾಯಬೇಕಾದದ್ದು ಮರಗಳಿಗಿಂತ ಮೊದಲು ನೀರಿನ ಹರಿವನ್ನು.

ಕೆರೆಗಳ ವಿಷಯದಲ್ಲಿಯೂ ಹೊರಗಣ್ಣಿಗೆ ಕಾಣುವುದು ಒಂದು, ಒಳಗೆ ನಡೆಯುವುದು ಇನ್ನೊಂದು. ಕೆರೆಯ ‘ಹುಲ್ಲು’ ಎಂದರೆ ಬರಿಗಣ್ಣಿಗೆ ಕಾಣದ ಸಸ್ಯಪ್ಲವಕಗಳು. ಅವು ಎಷ್ಟು ವೇಗವಾಗಿ ಹುಟ್ಟಿ ತಿನ್ನಲ್ಪಡುತ್ತವೆಯೆಂದರೆ, ಯಾವುದೇ ಒಂದು ಕ್ಷಣದಲ್ಲಿ ತೂಗಿ ನೋಡಿದರೆ ತಿನ್ನುವವರ ತೂಕವೇ ಹೆಚ್ಚಿರಬಹುದು. ಒಳಚರಂಡಿ ನೀರಿನೊಡನೆ ರಂಜಕ, ಸಾರಜನಕಗಳು ಮಿತಿಮೀರಿ ಬಂದಾಗ ಈ ಪಾಚಿ ಹಗಲಿನಲ್ಲಿ ಆಮ್ಲಜನಕವನ್ನು ಉಕ್ಕಿಸಿ, ರಾತ್ರಿ ತಾನೇ ಅದನ್ನು ಹೀರತೊಡಗುತ್ತದೆ. ಕೊಳೆಯುವ ಪಾಚಿಯನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಅದಕ್ಕೆ ಸೇರುತ್ತವೆ. ಮೀನುಗಳು ನಸುಕಿನಲ್ಲಿ ನೀರಿನ ಮೇಲ್ಮೈಗೆ ಬಂದು ಬಾಯ್ಬಿಡುವುದು, ರಾಶಿಯಾಗಿ ಸಾಯುವುದು ಇದರಿಂದಲೇ. ಹಿಂದೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಕೆರೆಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಒಯ್ಯುತ್ತಿದ್ದರು, ಜಲಾನಯನದಿಂದ ಕೊಚ್ಚಿಬಂದ ಪೋಷಕಾಂಶ ಹೊಲಕ್ಕೆ ಮರಳುತ್ತಿತ್ತು. ನಗರದ ಕೆರೆಗಳಲ್ಲಿ ಈಗ ಆ ಚಕ್ರ ಮುರಿದಿದೆ. ಪುನಶ್ಚೇತನದ ಹೆಸರಿನಲ್ಲಿ ಕೆರೆಯನ್ನು ಸುತ್ತಲೂ ಕಡಿದಾಗಿ ತೋಡಿ, ಕಲ್ಲು ಕಟ್ಟಿ, ನಡಿಗೆ ಪಥ ಮಾಡುವಾಗ ಜೊಂಡು ಬೆಳೆದು ಪೋಷಕಾಂಶವನ್ನು ಹೀರಿಕೊಳ್ಳುತ್ತಿದ್ದ, ನೀರಹಕ್ಕಿಗಳು ನಡೆದಾಡಿ ಮೇಯುತ್ತಿದ್ದ ಮೊಣಕಾಲುದ್ದದ ನೀರಿನ ಅಂಚೇ ಇಲ್ಲವಾಗುತ್ತದೆ. ಈ ಅಂಚನ್ನು ಕಳೆದುಕೊಂಡ ಕೆರೆಯನ್ನು ಕೆರೆ ಎನ್ನುವುದಕ್ಕಿಂತ ತೊಟ್ಟಿ ಎನ್ನುವುದೇ ಸರಿ.

ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ, ಉತ್ತರ ಕನ್ನಡದ ಅಘನಾಶಿನಿ ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಹೊರಗಿನಿಂದ ಬರುವ ಆಹಾರದ್ದೇ ಮುಖ್ಯ ಪಾತ್ರ: ನದಿ ತರುವ ಸಾರ, ಉಬ್ಬರದೊಡನೆ ಬರುವ ಪ್ಲವಕ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಿಂದ ಉದುರಿ ಕೊಳೆಯುವ ಎಲೆ. ಇವನ್ನು ಸೋಸಿ ತಿನ್ನುವ ಬಳಚು ಎಂಬ ಚಿಪ್ಪುಜೀವಿ ಅಲ್ಲಿನ ಜನರ ಆಹಾರವೂ ಜೀವನೋಪಾಯವೂ ಆಗಿದೆ. ಗಜನಿ ಎಂಬ ಅಳಿವೆಯಂಚಿನ ತಗ್ಗು ಗದ್ದೆಗಳಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತವನ್ನು ಬೆಳೆದು, ತೆನೆ ಕೊಯ್ದ ಮೇಲೆ ಉಳಿಯುವ ಕೂಳೆಯೇ ಕೊಳೆತು ಸಿಗಡಿ, ಮೀನುಗಳಿಗೆ ಮೇವಾಗುತ್ತದೆ. ದೊಡ್ಡ ಅಣೆಕಟ್ಟಿಲ್ಲದ ಈ ನದಿಯಲ್ಲಿ ಸಿಹಿನೀರೂ ಉಪ್ಪುನೀರೂ ಋತುಮಾನಕ್ಕೆ ತಕ್ಕಂತೆ ಬೆರೆಯುವುದರಿಂದಲೇ ಇದೆಲ್ಲ ಸಾಧ್ಯವಾಗಿದೆ.

ಹಾಗಾದರೆ ಸಸಿ ನೆಡಲು ಹೊರಟವರು ಮಾಡಬೇಕಾದದ್ದೇನು? ಆ ಸರ್ವೆ ನಂಬರು ಗೋಮಾಳವೇ, ಹುಲ್ಲುಬನ್ನಿಯೇ (ಹುಲ್ಲು, ಮೇವಿಗೆ ಬಿಟ್ಟ ನೆಲವೇ), ಕಾವಲೇ ಎಂಬುದನ್ನು ಹಳೆಯ ಕಂದಾಯ ದಾಖಲೆಗಳಲ್ಲಿ ನೋಡಬೇಕು. ಊರಿನ ಕುರಿಗಾಹಿಗಳನ್ನು ವಿಚಾರಿಸಬೇಕು. ಒಂದು ಮಳೆಗಾಲವನ್ನಾದರೂ ಪೂರ್ತಿಯಾಗಿ ಗಮನಿಸಬೇಕು. ಬಯಲುಸೀಮೆಯಲ್ಲಿ ಮರಕ್ಕೆ ಸಲ್ಲುವ ಜಾಗಗಳು ಬೇಕಾದಷ್ಟಿವೆ: ಗುಂಡುತೋಪು, ಹೊಲದ ಬದು, ರಸ್ತೆಯ ಇಕ್ಕೆಲ, ಶಾಲೆಯ ಅಂಗಳ. ಅಲ್ಲಿ ಹೊಂಗೆ, ಬೇವು, ಹುಣಸೆಗಳನ್ನು ಧಾರಾಳವಾಗಿ ನೆಡಲಿ. ಕಾವಲಿಗೆಂದು ಮೀಸಲಿಟ್ಟ ಹಣದಲ್ಲಿ ಬಳ್ಳಾರಿ ಜಾಲಿಯನ್ನು ಬೇರುಸಹಿತ ತೆಗೆಸಿ, ನೆಲವನ್ನು ಮೂರ್ನಾಲ್ಕು ಭಾಗ ಮಾಡಿ, ಕುರಿಗಾಹಿಗಳ ಒಪ್ಪಿಗೆಯೊಂದಿಗೆ ವರ್ಷಕ್ಕೊಂದು ಭಾಗವನ್ನು ಜೂನ್‌ನಿಂದ ಹುಲ್ಲು ಬೀಜ ಉದುರಿಸುವವರೆಗೆ ಮೇವಿನಿಂದ ಬಿಡಿಸಿದರೆ, ಮೊದಲ ವರ್ಷವೇ ಬೆಳೆಯುವ ಏಕವಾರ್ಷಿಕ ಹುಲ್ಲುಗಳ ಹಿಂದೆಯೇ ಬಹುವಾರ್ಷಿಕ ಹುಲ್ಲುಗಳು ನಿಧಾನವಾಗಿ ಮರಳುತ್ತವೆ.