ಬ್ಲಾಕ್‌ಚೈನಿಗೊಂದು ಬಿತ್ತುವಟ್ಟ

"ಅಂಕಲ್, ಒಂದು ನೂರು ರೂಪಾಯಿ ಕೊಡ್ತೀರಾ?"

ನಮ್ಮ ಕ್ರಾಸಿನ ಹುಡುಗ ಹೀಗೆ ಕೇಳಿದಾಗ ಗಣೇಶನ ಚಂದಾ ಅಂದುಕೊಂಡೆ. ಅಲ್ಲವಂತೆ. ಅವನಿಗೆ ಹಗಲು ಎಚ್‌ಎಸ್‌ಆರ್ ಲೇಔಟಿನಲ್ಲಿ ಕೆಲಸ. ಮನೆಗೆ ಬಂದ ಮೇಲೆ ರಾತ್ರಿ ಹನ್ನೆರಡರವರೆಗೆ ಇನ್ನೊಂದು ಕೆಲಸ, ಅದಕ್ಕೆ ಸಂಬಳ ಇಲ್ಲ. ಐದು ಜನ ಸೇರಿ ಒಂದು ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ಪುಕ್ಕಟೆ ಬಳಸಬಹುದಾದ, ಬ್ಲಾಕ್‌ಚೈನ್ ಬರೆಯುತ್ತಿದ್ದಾರೆ. ಕೈಯಲ್ಲಿದ್ದ ದುಡ್ಡು ಮುಗಿದಿದೆ. ಸರ್ವರ್ ಬಾಡಿಗೆ ಕಟ್ಟಬೇಕು, ಕೋಡನ್ನು ಹೊರಗಿನವರ ಕೈಲಿ ತಪಾಸಣೆ ಮಾಡಿಸಬೇಕು. ಅದಕ್ಕೇ ಬಳಸುವವರ ಹತ್ತಿರ ಕೇಳುತ್ತಿದ್ದಾರೆ.

ಪಕ್ಕದಲ್ಲಿದ್ದ ನನ್ನ ಭಾವಮೈದುನ ನಕ್ಕ. "ಬ್ಲಾಕ್‌ಚೈನ್ ಅಂದ್ರೆ ಬಿಟ್‌ಕಾಯಿನ್ ತಾನೇ? ದುಡ್ಡು ಹುಟ್ಟಿಸೋರೇ ಚಂದಾ ಎತ್ತೋದಾ?"

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಬ್ಲಾಕ್‌ಚೈನ್ ಅಂದರೇನು ಅಂತ ಮೊದಲಿಂದ ಶುರು ಮಾಡೋದಿಲ್ಲ. ಎಲ್ಲರ ಹತ್ತಿರವೂ ಒಂದೊಂದು ನಕಲು ಇರುವ ಲೆಕ್ಕದ ಪುಸ್ತಕ, ಇಷ್ಟು ಸಾಕು. ಆದರೆ ದುಡ್ಡು ಯಾರಿಗೆ ಹುಟ್ಟುತ್ತದೆ ಅನ್ನೋದನ್ನು ನೋಡಬೇಕು. 2009ರಲ್ಲಿ ಬಿಟ್‌ಕಾಯಿನ್ ಶುರುವಾದಾಗ ಪುಸ್ತಕಕ್ಕೆ ಹೊಸ ಪುಟ, ಅಂದರೆ ಬ್ಲಾಕ್, ಸೇರಿಸಿದವರಿಗೆ 50 ನಾಣ್ಯ ಸಿಗುತ್ತಿತ್ತು. ಪ್ರತಿ 2,10,000 ಬ್ಲಾಕಿಗೊಮ್ಮೆ ಅದು ಅರ್ಧವಾಗುತ್ತದೆ. 2024ರ ಏಪ್ರಿಲ್‌ನಿಂದ 3.125. ಇದಷ್ಟೂ ಹಾಗೆ ಪುಟ ಸೇರಿಸುವವನಿಗೆ, ಅಂದರೆ ಮೈನರ್‌ಗೆ. ಕೋಡ್ ಬರೆದವನಿಗೆ ಸೊನ್ನೆ.

"ಒಂದು ಸಲ ಬರೆದಿಟ್ಟರೆ ತಾನೇ ನಡೆಯುತ್ತೆ, ಇನ್ಯಾಕೆ ದುಡ್ಡು?" ಅನ್ನುವವರೂ ಇದ್ದಾರೆ. ಇದು ಬರೀ ಮೂಢನಂಬಿಕೆ. ಬಿಟ್‌ಕಾಯಿನ್ ಎಷ್ಟು ವರ್ಷ ಕಳೆದರೂ 2.1 ಕೋಟಿ ದಾಟಬಾರದು ಅನ್ನುವುದು ಅದರ ನಿಯಮ. 2010ರ ಆಗಸ್ಟ್ 15ರಂದು ಒಂದೇ ಬ್ಲಾಕಿನಲ್ಲಿ ಸುಮಾರು 18,400 ಕೋಟಿ ನಾಣ್ಯ ಹುಟ್ಟಿಬಿಟ್ಟವು! ಹಳೇ ಸ್ಕೂಟರಿನ ಮೀಟರ್ 99999 ಆದ ಮೇಲೆ ಮತ್ತೆ ಸೊನ್ನೆಗೆ ಬರುತ್ತಿತ್ತಲ್ಲ, ಹಾಗೇ ಆಗಿತ್ತು. ಎರಡು ದೊಡ್ಡ ಮೊತ್ತ ಕೂಡಿದಾಗ ಕಂಪ್ಯೂಟರಿನ ಅಂಕಿ ಜಾಗ ಸಾಲದೆ ಸುತ್ತು ಹೊಡೆದು ಸೊನ್ನೆಗಿಂತ ಕೆಳಗೆ ಹೋಯಿತು. "ಖರ್ಚು ಜಮೆಗಿಂತ ಕಡಿಮೆ ಇದೆ, ಸರಿ" ಅಂತ ಒಪ್ಪಿಕೊಂಡಿತು. ಸರಿಪಡಿಸಿದ್ದು ಮನುಷ್ಯರು, ಕೆಲವೇ ಗಂಟೆಗಳಲ್ಲಿ, ನಿದ್ದೆಗೆಟ್ಟು.

ಬ್ಲಾಕ್‌ಚೈನ್ ಒಂದೇ ಅಲ್ಲ, ಓಪನ್ ಸೋರ್ಸಿನ ಹಣೆಬರಹವೇ ಹೀಗೆ. ಇಂಟರ್ನೆಟ್ಟಿನ ಅರ್ಧಕ್ಕರ್ಧ ಬೀಗಗಳು ಓಪನ್‌ಎಸ್‌ಎಸ್‌ಎಲ್ ಅನ್ನುವ ಕೋಡಿನ ಮೇಲೆ ನಿಂತಿದ್ದವು. 2014ರಲ್ಲಿ ಅದರಲ್ಲಿ 'ಹಾರ್ಟ್‌ಬ್ಲೀಡ್' ಅನ್ನುವ ತೂತು ಸಿಕ್ಕಿತು. ಆಮೇಲೆ ನೋಡಿದರೆ, ಆ ಯೋಜನೆಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್.

ಹುಡುಗನ ಆಫೀಸಿನ ಹತ್ತಿರವೇ ಅಗರ ಕೆರೆ. ಅಗರದಲ್ಲಿ 9ನೇ ಶತಮಾನದ ಒಂದು ಗಂಗರ ಕಾಲದ ಶಾಸನ ಸಿಕ್ಕಿದೆ. ಎರಡು ಕೆರೆಗೆ ತೂಬು ಕೂರಿಸಿ, ಪೂರ್ವದ ಕಡೆ ಇನ್ನೊಂದು ಕೆರೆ ಕಟ್ಟಿಸಿದವನಿಗೆ ಮೂರೂ ಕೆರೆಯ 'ಬಿತ್ತುವಟ್ಟ' ಸಿಕ್ಕಿತು ಅನ್ನುತ್ತದೆ ಅದು. ಬಿತ್ತುವಟ್ಟ ಅಂದರೆ ಕೆರೆ ನೀರಿನಿಂದ ಬೆಳೆಯುವ ಭೂಮಿಯಲ್ಲಿ ಕೆರೆ ಕಟ್ಟಿದವರಿಗೆ, ಕಾಯುವವರಿಗೆ ಮೀಸಲಿಟ್ಟ ಪಾಲು. ಶಾಸನಗಳಲ್ಲಿ 'ದಶವಂದ' ಅಂತ ಇನ್ನೊಂದು ಮಾತೂ ಬರುತ್ತದೆ. ಹತ್ತನೇ ಒಂದು ಪಾಲು ಅನ್ನುವುದು ಅದರ ಹೆಸರಿನಲ್ಲೇ ಇದೆ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗೂ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಕೆರೆ ಎಲ್ಲರದ್ದು, ಆದರೆ ಹೂಳು ತೆಗೆಯುವಾಗ ಯಾರೂ ಇರಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಅದಕ್ಕೇ ಕೂಲಿಯನ್ನು ಬೆಳೆಯಲ್ಲೇ ಕಟ್ಟಿಟ್ಟರು. (ಆಮೇಲೆ ಆ ಕೆರೆಗಳಿಗೆ ನಾವೇನು ಮಾಡಿದೆವು ಅನ್ನುವುದು ಬೇರೆ ಕಥೆ. ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ.)

2016ರಲ್ಲಿ ಶುರುವಾದ ಡಿಕ್ರೆಡ್ ಅನ್ನುವ ಬ್ಲಾಕ್‌ಚೈನ್ ಮಾಡಿದ್ದೂ ಇದನ್ನೇ. ಪ್ರತಿ ಬ್ಲಾಕಿನ ಬಹುಮಾನದಲ್ಲಿ 10% ಸಾರ್ವಜನಿಕ ಖಜಾನೆಗೆ ಹೋಗುತ್ತದೆ, ಕೋಡ್ ಬರೆಯುವವರಿಗೆ ಅಲ್ಲಿಂದ ಸಂಬಳ. ಅಪ್ಪಟ ದಶವಂದ! ಅದೇ ವರ್ಷ ಬಂದ ಝಡ್‌ಕ್ಯಾಶ್ ಮೊದಲ ನಾಲ್ಕು ವರ್ಷ 20% ತೆಗೆದಿಟ್ಟಿತು. ಆ ಪಾಲು ಸ್ಥಾಪಕರಿಗೂ ಹೂಡಿಕೆದಾರರಿಗೂ ಹೋಗುತ್ತಿದ್ದುದರಿಂದ ಗೊಣಗಾಟ ತಪ್ಪಲಿಲ್ಲ. ಮೊನೆರೊ ಅನ್ನುವ ಇನ್ನೊಂದು ಚೈನಿನವರು ಇದ್ಯಾವುದೂ ಬೇಡ ಅಂತ ಹುಂಡಿ ಇಟ್ಟರು. ಕೆಲಸ ಏನು, ಎಷ್ಟು ಬೇಕು ಅಂತ ಬರೆದು ಹಾಕಿದರೆ ಜನ ಕೊಡುತ್ತಾರೆ. ಚೆನ್ನಾಗೇ ನಡೆಯುತ್ತಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಯಾರೋ ಹುಂಡಿಯನ್ನೇ ಬರಿದು ಮಾಡಿದರು. ಹೋದದ್ದು 2,675 ಮೊನೆರೊ ನಾಣ್ಯ.

ನಮ್ಮ ಹುಡುಗ ಮೊದಲೇ ದಶವಂದ ಇಡಲಿಲ್ಲ. ಈಗ ಇಡಬೇಕಾದರೆ ನಿಯಮವೇ ಬದಲಾಗಬೇಕು. ಒಪ್ಪದವರು ಹಳೇ ಪುಸ್ತಕ ನಕಲು ಮಾಡಿಕೊಂಡು ಬೇರೆ ಚೈನ್ ನಡೆಸುತ್ತಾರೆ. ಹಾಗಾಗಿ ಅವನು ಮೂರನೇ ದಾರಿ ಹಿಡಿದಿದ್ದಾನೆ. ನನಗೆ ಹುಚ್ಚು ಹಿಡಿಸಿದ್ದು ಅದೇ.

2018ರಲ್ಲಿ ಇಥೀರಿಯಂ ಬ್ಲಾಕ್‌ಚೈನ್ ಹುಟ್ಟುಹಾಕಿದವರಲ್ಲಿ ಒಬ್ಬನಾದ ವಿಟಾಲಿಕ್ ಬುಟೆರಿನ್, ಅರ್ಥಶಾಸ್ತ್ರದ ಜೋಯಿ ಹಿಟ್ಜಿಗ್, ಗ್ಲೆನ್ ವೈಲ್ ಸೇರಿ ಒಂದು ಲೆಕ್ಕ ಮುಂದಿಟ್ಟರು. ಹೆಸರು ಕ್ವಾಡ್ರಾಟಿಕ್ ಫಂಡಿಂಗ್, ಅಂದರೆ ವರ್ಗದ ಲೆಕ್ಕದ ದೇಣಿಗೆ. ಯಾರೋ ದೊಡ್ಡವರು ಒಂದು ನಿಧಿ ಇಟ್ಟಿರುತ್ತಾರೆ. ಜನ ಕೊಟ್ಟದ್ದಕ್ಕೆ ಆ ನಿಧಿಯಿಂದ ಮೇಲೆ ಸೇರಿಸಿ ಕೊಡಬೇಕು. ಎಷ್ಟು ಸೇರಿಸಬೇಕು? ಪ್ರತಿಯೊಬ್ಬರ ದೇಣಿಗೆಯ ವರ್ಗಮೂಲ ತೆಗೆದು, ಎಲ್ಲ ಕೂಡಿಸಿ, ಬಂದದ್ದನ್ನು ವರ್ಗ ಮಾಡಿ. ಯೋಜನೆಗೆ ಸಿಗಬೇಕಾದದ್ದು ಅಷ್ಟು. ಜನ ಕೊಟ್ಟದ್ದನ್ನು ಕಳೆದರೆ ಉಳಿದದ್ದು ನಿಧಿಯ ಪಾಲು.

ಒಣ ಲೆಕ್ಕ ಅನ್ನಿಸಿತಾ? ಟೈಲ್ಸ್ ನೆನಪಿಸಿಕೊಳ್ಳಿ. ನಿಮ್ಮ ನೂರು ರೂಪಾಯಿ ಅಂದರೆ 10 ಅಡಿಗೆ 10 ಅಡಿಯ ಒಂದು ಚೌಕ ಟೈಲ್. ನೂರು ಜನ ಕೊಟ್ಟರು, ನೂರು ಟೈಲ್. ಅವನ್ನು ಒಂದರ ಮೂಲೆಗೆ ಇನ್ನೊಂದರ ಮೂಲೆ ತಾಗಿಸಿ ಓರೆಯಾಗಿ, ಮೆಟ್ಟಿಲಿನ ಹಾಗೆ ಜೋಡಿಸಿ. ಎಲ್ಲವನ್ನೂ ಒಳಗೆ ಹಿಡಿಸುವ ದೊಡ್ಡ ಚೌಕ ಎಳೆಯಿರಿ. ಅದರ ಅಂಚು 1,000 ಅಡಿ, ವಿಸ್ತೀರ್ಣ 10 ಲಕ್ಷ. ಜನರ ಟೈಲ್ಸ್ ಮುಚ್ಚಿದ್ದು ಬರೀ 10,000. ಉಳಿದ 9,90,000 ಚದರಡಿ ಖಾಲಿ. ಆ ಖಾಲಿ ನೆಲಕ್ಕೆ ಟೈಲ್ಸ್ ಹಾಕುವುದೇ ನಿಧಿಯ ಕೆಲಸ. ಅದೇ ಒಬ್ಬ ಸಾಹುಕಾರ ಒಬ್ಬನೇ 10,000 ಕೊಟ್ಟರೆ? 100 ಅಡಿಯ ಒಂದೇ ಟೈಲ್. ಹೊರಗಿನ ಚೌಕವೂ ಅದೇ. ತುಂಬಲು ಏನೂ ಉಳಿದಿಲ್ಲ. ನಿಧಿಯಿಂದ ಅವನಿಗೆ ಸೊನ್ನೆ.

ಇನ್ನೊಂದು ಕಡೆಯಿಂದ ನೋಡಿ. ನೂರು ಜನ ಒಬ್ಬರಿಗೊಬ್ಬರು ಕೈ ಕುಲುಕಿದರೆ 4,950 ಸಲ ಕುಲುಕಬೇಕು. ಎರಡು ಟೈಲ್ ಓರೆಯಾಗಿಟ್ಟರೆ ಎರಡು ಖಾಲಿ ಮೂಲೆ ಉಳಿಯುತ್ತವೆ, 100 ಮತ್ತೆ 100. ಅಂದರೆ ಒಂದು ಕೈ ಕುಲುಕಿಗೆ 200 ರೂಪಾಯಿ. 4,950 ಗುಣಿಸು 200, ಮತ್ತದೇ 9,90,000! ನಿಧಿ ಬೆಲೆ ಕಟ್ಟುತ್ತಿರುವುದು ದುಡ್ಡಿಗಲ್ಲ, ಜೋಡಿಗಳಿಗೆ. ಬೀದಿ ಗಣೇಶನಿಗೆ ನೂರು ಮನೆಯವರು ನೂರು ನೂರು ಹಾಕಿದ್ದರೆ ಅದು ಬೀದಿಯ ಗಣೇಶ. ಒಬ್ಬನೇ ಹತ್ತು ಸಾವಿರ ಕೊಟ್ಟರೆ ಅದು ಅವನ ಫ್ಲೆಕ್ಸಿಗೆ ನೆಪ. ಟೈಲ್ಸೇ ಸಾಕಿತ್ತು, ಗಣೇಶನ್ನ ಯಾಕೆ ತಂದ್ರಿ ಅಂತ ನನ್ನ ಹೆಂಡತಿ ಕೇಳಿದಳು. ತಡೆಯೋಕಾಗಲಿಲ್ಲ.

ನಿಜದಲ್ಲಿ ನಿಧಿ ಚಿಕ್ಕದಿರುತ್ತದೆ, ಹಾಗಾಗಿ ಇದೇ ಅನುಪಾತದಲ್ಲಿ ಹಂಚುತ್ತಾರೆ. ಓಪನ್ ಸೋರ್ಸಿಗೆ ದುಡ್ಡು ಕೂಡಿಸುವ ಗಿಟ್‌ಕಾಯಿನ್ ಅನ್ನುವ ವೇದಿಕೆ 2019ರಿಂದ ಹೀಗೆ ಹಂಚಿ ತೋರಿಸಿದೆ. ಲೆಕ್ಕವಿಲ್ಲದೆ ಆರಿಸಿ ನೇರವಾಗಿ ಕೊಡುವವರೂ ಇದ್ದಾರೆ. 2024ರಲ್ಲಿ ಬೆಂಗಳೂರಿನದೇ ಷೇರು ವಹಿವಾಟಿನ ಕಂಪನಿ ಝೆರೋಧಾ ಓಪನ್ ಸೋರ್ಸ್ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಘೋಷಿಸಿತು.

ಇಷ್ಟು ಚೆಂದದ ಲೆಕ್ಕಕ್ಕೆ ಒಂದೇ ರೋಗ. ಸಾಹುಕಾರ ಜಾಣನಾಗಿದ್ದರೆ ತನ್ನ ಹತ್ತು ಸಾವಿರವನ್ನು ನೂರು ಸುಳ್ಳು ಹೆಸರಿನಲ್ಲಿ ಒಡೆದು ಹಾಕುತ್ತಾನೆ. ಸೊನ್ನೆ ಸಿಗುವ ಕಡೆ 9,90,000 ಸಿಗುತ್ತದೆ. ಇದಕ್ಕೆ ಸಿಬಿಲ್ ದಾಳಿ ಅನ್ನುತ್ತಾರೆ. ಬ್ಯಾಂಕಿನವರು ಸಾಲ ಕೊಡುವಾಗ ನೋಡುವ ಸಿಬಿಲ್ ಅಲ್ಲ ಇದು, ಬೋಗಸ್ ಹೆಸರುಗಳ ಸಿಬಿಲ್. ಹಾಗಾಗಿ ಕೊಟ್ಟವರು ನಿಜವಾಗಿ ಬೇರೆ ಬೇರೆ ಜನವೇ ಅಂತ ಪತ್ತೆ ಮಾಡುವುದರಲ್ಲೇ ಅರ್ಧ ಶ್ರಮ ಹೋಗುತ್ತದೆ.

ನಾನು ನೂರು ರೂಪಾಯಿ ಹಾಕಿದೆ. ಜೋಡಿ ಲೆಕ್ಕ ತಲೆಯಲ್ಲಿತ್ತಲ್ಲ, ಹೆಂಡತಿಯ ಹೆಸರಲ್ಲಿ ನೂರು, ಒಲ್ಲೆ ಅಂದ ಭಾವಮೈದುನನ ಹೆಸರಲ್ಲೂ ನೂರು ಹಾಕಿದೆ. ಮೂರೂ ನನ್ನ ಫೋನಿನಿಂದಲೇ. ಎರಡು ದಿನ ಬಿಟ್ಟು ಹುಡುಗ ಗೇಟಿನ ಹತ್ತಿರ ಸಿಕ್ಕಿದ, ಮುಖ ಸಣ್ಣದು ಮಾಡಿಕೊಂಡು.

"ಅಂಕಲ್, ನಿಮ್ಮ ಮನೆ ಮೂರು ಹೆಸರನ್ನೂ ನಿಧಿಯವರು ಒಂದೇ ಅಂತ ಲೆಕ್ಕ ಹಾಕಿಬಿಟ್ಟಿದ್ದಾರೆ."

ಮೂರು ಟೈಲ್ ಸೇರಿ 30 ಅಡಿ ಆಗಬೇಕಿದ್ದ ಅಂಚು 17 ಅಡಿ ಚಿಲ್ಲರೆಗೆ ಇಳಿದಿತ್ತು.