ಎಂಜಿನ್ ಆಮೇಲೆ, ಮೊದಲು ಹಿಂಬಾಗಿಲು ನೋಡಿ

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. 1970ರ ದಶಕದ ಫೋರ್ಡ್ ಕಂಟ್ರಿ ಸ್ಕ್ವೈರ್ (ಪಕ್ಕದಲ್ಲಿ ಮರದಂತೆ ಕಾಣುವ ಉದ್ದನೆಯ ಸ್ಟೇಷನ್ ವ್ಯಾಗನ್ ಕಾರು) ಎರಡು ನೋಡಿದೆ. ಒಂದರ ಬಣ್ಣ ಮಾಸಿದೆ, ಆದರೆ ಎಲ್ಲ ಒರಿಜಿನಲ್. ಇನ್ನೊಂದಕ್ಕೆ ಹೊಸ ಪೇಂಟ್, ಎಂಜಿನ್ ಕೆಲಸವೂ ಆಗಿದೆ. ಆದರೂ ಮಾಸಿದ್ದಕ್ಕೇ ಜಾಸ್ತಿ ಬೆಲೆ ಹೇಳ್ತಿದ್ದಾರೆ, ಯಾಕೆ?

ಉತ್ತರ: ಬೆಲೆ ಇರೋದು ಹಿಂದಿನ ಅರ್ಧಕ್ಕೆ, ಅದಕ್ಕೆ. ಫೋರ್ಡ್‌ನ ದೊಡ್ಡ ವಿ8 (ಎಂಟು ಸಿಲಿಂಡರ್) ಎಂಜಿನ್‌ಗಳು ಅದೇ ಕಾಲದ ಬೇರೆ ಕಾರು, ಪಿಕಪ್‌ಗಳಲ್ಲೂ ಇದ್ದವು, ಅವುಗಳ ಪಾರ್ಟ್ಸ್ ಈಗಲೂ ಸಿಗುತ್ತವೆ. ಆದರೆ ಹಿಂಬಾಗಿಲು, ಅದರ ಬೀಗ, ಪಕ್ಕದ ಉದ್ದನೆಯ ಗಾಜು, ಡಿಕ್ಕಿಯ ಮಡಚುವ ಸೀಟು, ಇವೆಲ್ಲ ವ್ಯಾಗನ್‌ಗೆ ಮಾತ್ರ ಮಾಡಿದವು. ಮುರಿದರೆ ಇನ್ನೊಂದು ಹಳೆಯ ವ್ಯಾಗನ್‌ನಿಂದಲೇ ಬಿಚ್ಚಿ ತರಬೇಕು.

ಆ ಇನ್ನೊಂದು ವ್ಯಾಗನ್ ಸಿಗಬೇಕಲ್ಲ! ಸ್ಪೋರ್ಟ್ಸ್ ಕಾರನ್ನು ಜನ ಬಟ್ಟೆ ಹೊದಿಸಿ ಇಟ್ಟರು, ವ್ಯಾಗನ್‌ನಲ್ಲಿ ಮಕ್ಕಳು, ನಾಯಿ, ಪ್ಲೈವುಡ್, ಗೊಬ್ಬರದ ಚೀಲ ಎಲ್ಲ ಹೇರಿ ಸವೆಸಿದರು. 1984ರ ಮಾಡೆಲ್ ಆಗಿ ಕ್ರೈಸ್ಲರ್‌ನ ಮಿನಿವ್ಯಾನ್ ಬಂದ ಮೇಲಂತೂ ಮನೆಮಂದಿಯ ಗಾಡಿ ಅಂದರೆ ಅದೇ ಆಯ್ತು. ಕಂಟ್ರಿ ಸ್ಕ್ವೈರ್ ತಯಾರಿಕೆ 1991ರಲ್ಲಿ ನಿಂತಿತು, ಅದೇ ಥರದ ವ್ಯಾಗನ್ ಬ್ಯೂಕ್ ರೋಡ್‌ಮಾಸ್ಟರ್ ಎಸ್ಟೇಟ್‌ನದು 1996ರಲ್ಲಿ.

ಮೈಮೇಲಿನ ಮರ? ಅದು ಮರ ಅಲ್ಲ. ಫೋರ್ಡ್ 1952ರಲ್ಲೇ ಪೂರ್ತಿ ಉಕ್ಕಿನ ಮೈಗೆ ಬಂದಿತ್ತು. 70ರ ದಶಕದ ಗಾಡಿಯಲ್ಲಿ ನೀವು ನೋಡೋದು ಮರದ ಚಿತ್ರ ಇರುವ ವಿನೈಲ್ ಸ್ಟಿಕ್ಕರ್. ಬಿಸಿಲಿಗೆ ಅದು ಮಾಸುತ್ತದೆ, ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿದರೆ ಅಡಿಯಲ್ಲಿ ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ. ಹೊಸ ಸ್ಟಿಕ್ಕರ್ ಅಂಟಿಸಿದ ಗಾಡಿ ಕಂಡರೆ ನನಗೆ ಮೊದಲು ಬರೋದೇ ಅನುಮಾನ, ಕೆಳಗೆ ಟಿಂಕರಿಂಗ್ ಆಗಿದೆಯಾ, ಸುಮ್ನೆ ಪುಟ್ಟಿ ತುಂಬಿದ್ದಾರಾ ಅಂತ. ಒಂದು ಚಿಕ್ಕ ಅಯಸ್ಕಾಂತಕ್ಕೆ ಮೆತ್ತನೆಯ ಬಟ್ಟೆ ಸುತ್ತಿ ಹಿಂಚಕ್ರದ ಸುತ್ತ ಆಡಿಸಿ: ಉಕ್ಕು ಇರಬೇಕಾದ ಕಡೆ ಅಂಟದಿದ್ದರೆ ಅಲ್ಲಿ ಪುಟ್ಟಿ ದಪ್ಪಗಿದೆ ಅಂತ ಲೆಕ್ಕ. ಮಾಸಿದ ಹಳೆಯ ಸ್ಟಿಕ್ಕರ್‌ನ ಲಾಭ ಇದೇ ನೋಡಿ, ಇದ್ದದ್ದು ಇದ್ದ ಹಾಗೇ ಕಾಣುತ್ತದೆ.

ಹಿಂಬಾಗಿಲಿಗೆ ಮಾತ್ರ ನಿಧಾನವಾಗಿ ಟೈಮ್ ಕೊಡಿ. ಫೋರ್ಡ್ 1966ರಲ್ಲಿ ತಂದ ಬಾಗಿಲು ಲಾರಿಯದರಂತೆ ಕೆಳಕ್ಕೂ ಬೀಳುತ್ತದೆ, ಮಾಮೂಲಿ ಬಾಗಿಲಿನಂತೆ ಪಕ್ಕಕ್ಕೂ ತೆರೆಯುತ್ತದೆ, ಎರಡೂ ಕಡೆ ತೆರೆದು ನೋಡಿ, ಗಾಜನ್ನು ಇಳಿಸಿ ಏರಿಸಿ, ಬಾಗಿಲಿನ ತಳವನ್ನು ಬೆರಳಿನಿಂದ ಒತ್ತಿ. ಜನರಲ್ ಮೋಟರ್ಸ್‌ನವರದು ಇನ್ನೂ ಮಜಾ: 1971ರಿಂದ 76ರವರೆಗಿನ ದೊಡ್ಡ ವ್ಯಾಗನ್‌ಗಳಲ್ಲಿ ಗಾಜು ಚಾವಣಿಯೊಳಗೆ ಸರಿಯುತ್ತದೆ, ಬಾಗಿಲು ಗಾಡಿಯ ನೆಲದಡಿ ಹೋಗಿ ಮಾಯ! ನೋಡಲು ಭಲೇ ಚೆಂದ, ರಿಪೇರಿಗೆ ಬಂದರೆ ತಲೆನೋವು. ಅಂಥದ್ದೇನಾದರೂ ಕಣ್ಣಿಗೆ ಬಿದ್ದರೆ ಆ ಬಾಗಿಲು ಸರಾಗವಾಗಿ ಓಡುವುದನ್ನು ನೋಡದೆ ದುಡ್ಡು ಕೊಡಬೇಡಿ.

ಹಾಗಂತ ಮಾಸಿದ್ದೆಲ್ಲ ಚಿನ್ನ ಅಲ್ಲ. ಡಿಕ್ಕಿಯ ಕಾರ್ಪೆಟ್ ಎತ್ತಿಸಿ, ಸ್ಟೆಪ್ನಿ ಇಡುವ ಜಾಗ ನೋಡಿ. ಅಲ್ಲಿ ತೂತು ಬಿದ್ದಿದ್ದರೆ ಒರಿಜಿನಲ್ ಅನ್ನೋ ಮಾತಿಗೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ, ಎರಡನ್ನೂ ಬಿಟ್ಟು ಮೂರನೆಯದನ್ನು ಹುಡುಕಿ.